ಕಾಲು ಕಟ್ಟುವ ಹೊತ್ತು

ಪಾಂಡವಪುರದಿಂದ ತೊಣ್ಣೂರಿನ ಕಡೆ ಹೊರಟರೆ ದಾರಿಯಲ್ಲೇ ಕರಿಯಪ್ಪನವರ ಮನೆ. ಮನೆಗಿಂತ ಜಗಲಿಯೇ ದೊಡ್ಡದು. ಆ ಜಗಲಿ ಎಷ್ಟು ಉದ್ದವೆಂದರೆ, ಆ ತುದಿಯಲ್ಲಿ ಕೂತವನು ಹೇಳಿದ ಸುಳ್ಳು ಬಾಯಿಂದ ಬಾಯಿಗೆ ದಾಟಿ ಈ ತುದಿಗೆ ಬರುವಷ್ಟರಲ್ಲಿ ನಿಜವಾಗಿಬಿಟ್ಟಿರುತ್ತಿತ್ತು. ಕರಿಯಪ್ಪನವರು ಯಾವ ಚುನಾವಣೆಗೂ ನಿಂತವರಲ್ಲ, ನಿಲ್ಲಿಸುವವರು. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಯಾರ ಕೊರಳಿಗೆ ಹಾರ ಬೀಳಬೇಕು, ಯಾರು ಸೋತು ಮನೆ ಸೇರಿ ಹಸು ಮೇಯಿಸಬೇಕು ಅನ್ನುವುದೆಲ್ಲ ಆ ಜಗಲಿಯ ಮೇಲೆ ತೀರ್ಮಾನವಾಗುತ್ತಿತ್ತು. ಅವರು ಇಲ್ಲಿ ಸೀನಿದರೆ ಕೆ.ಆರ್.ಪೇಟೆಯಲ್ಲಿ ಜನ ಮೂಗು ಒರೆಸಿಕೊಳ್ಳುತ್ತಿದ್ದರು.

ಇಂಥ ಕರಿಯಪ್ಪನವರ ಪಕ್ಕದಲ್ಲಿ ಒಂದೂವರೆ ವರ್ಷ ರಾಜಕುಮಾರನ ಹಾಗೆ ಮೆರೆದವನು ತಿಮ್ಮರಾಜು. ಇನ್ನೂ ಮೀಸೆ ಗಟ್ಟಿಯಾಗದ ಹುಡುಗ. ಅವನು ಮೇಲೇರಿದ್ದು ಒಂದು ಎತ್ತಿನ ಹೆಗಲು ಹಿಡಿದುಕೊಂಡು.

ಸಂತೆಬಾಚಹಳ್ಳಿಯ ಪಕ್ಕದ ಒಂದು ಸಣ್ಣ ಹಳ್ಳಿ ಅವನದು. ಪಿಯುಸಿ ಎರಡು ಸಲ ಕೈ ಕೊಟ್ಟ ಮೇಲೆ ದನದ ಡಾಕ್ಟರ ಹಿಂದೆ ಚೀಲ ಹೊತ್ತು ತಿರುಗುತ್ತಿದ್ದ. ತಿರುಗುತ್ತ ತಿರುಗುತ್ತ ಗಾಯ ಕಟ್ಟುವುದನ್ನು ಕಲಿತ. ಅವನ ಕೈ ಬಿದ್ದರೆ ಎಂಥ ಹಾಯುವ ಹೋರಿಯೂ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ಒಂದು ಸಲ ಕರಿಯಪ್ಪನವರು ಜೋಡೆತ್ತು ನೋಡಲು ಸಂತೆಗೆ ಬಂದಿದ್ದಾಗ, ನೊಗ ತಿಂದು ಹೆಗಲು ಕಿತ್ತುಹೋದ ಒಂದು ಎತ್ತಿಗೆ ಈ ಹುಡುಗ ಬೇವಿನೆಣ್ಣೆ ಹಚ್ಚುತ್ತ ಕೂತಿದ್ದ.

"ಒದ್ದುಬುಡ್ತದೆ ಕಣ್ಲಾ, ಈಚೆ ಬಾ," ಎಂದು ಎತ್ತಿನವನು ಕೂಗುತ್ತಿದ್ದ.

"ಒದೆಯಕ್ಕಿಲ್ಲ ಬುಡಣ್ಣ. ಅದ್ಕೂ ನಂಗೂ ಆಗ್ಲೇ ಮಾತುಕತೆ ಆಗೋಗದೆ."

ಕರಿಯಪ್ಪನವರು ನಕ್ಕರು. ಅವರು ನಕ್ಕರೆ ಸುತ್ತ ನಿಂತವರೆಲ್ಲ ನಗಬೇಕು, ನಕ್ಕರು. "ಯಾರ ಮಗನ್ಲಾ ನೀನು?"

"ಮಂಚಮ್ಮನ ಮಗ, ಗೌಡ್ರೆ."

"ಅಪ್ಪ?"

"ಅಪ್ಪ ಇರೋಗಂಟ ಅಪ್ಪನ ಮಗನೇ ಆಗಿದ್ದೆ. ಆಮ್ಯಾಕೆ ಅವ್ವನ ಪಾಲಿಗೆ ಬಂದೆ."

ಆ ಮಾತಿಗೇ ಕೆಲಸ ಸಿಕ್ಕಿತು. ಕರಿಯಪ್ಪನವರ ಹಟ್ಟಿಯಲ್ಲಿ ನಾಲ್ಕು ಜೊತೆ ಎತ್ತುಗಳಿದ್ದವು. ಉಳುವುದಕ್ಕಲ್ಲ, ಬಂದವರಿಗೆ ತೋರಿಸುವುದಕ್ಕೆ. ಅವುಗಳ ಗೊರಸು, ಕೊಂಬು, ಬಾಲ ನೋಡಿಕೊಂಡು ತಿಮ್ಮರಾಜು ಹಟ್ಟಿಯ ಮೂಲೆಯಲ್ಲಿ ಇದ್ದ.

ಹಟ್ಟಿಯಿಂದ ಜಗಲಿಗೆ ಅವನನ್ನು ಹತ್ತಿಸಿದ್ದು ಕರಿಯಪ್ಪನವರ ಬಲಗಾಲು. ಶುಗರ್ರು ಅವರಿಗೆ ಹಳೆಯ ನೆಂಟ. ಅಂಗಾಲಿನಲ್ಲಿ, ಹೆಬ್ಬೆರಳ ಬುಡಕ್ಕೆ, ಅಡಿಕೆ ಇಡುವಷ್ಟು ಗುಂಡಿಯೊಂದು ಬಿದ್ದಿತ್ತು. ಅದನ್ನು ಕಟ್ಟಲು ಪೇಟೆಯಿಂದ ರಮ್ಯ ಎನ್ನುವ ನರ್ಸಮ್ಮ ಬರುತ್ತಿದ್ದಳು. ಒಂದು ಬೆಳಿಗ್ಗೆ ಅವಳು ಗಾಯ ನೋಡಿ, ಮುಚ್ಚುಮರೆ ಇಲ್ಲದೆ ಹೇಳಿದಳು.

"ಬೆರಳು ತೆಗೆಸಬೇಕು ಸಾರ್. ಈಗ ಬೆರಳು ಕೊಟ್ರೆ ಪಾದ ಉಳಿಯುತ್ತೆ. ಮೈಸೂರಿಗೆ ಹೋಗಿ."

"ಏನವ್ವ, ಬೆರಳು ಕೇಳಕ್ಕೆ ಬಂದಿದ್ದೀಯಾ?" ಕರಿಯಪ್ಪನವರ ದನಿಗೆ ಹಟ್ಟಿಯ ಎತ್ತುಗಳು ಎದ್ದು ನಿಂತವು. "ನಾಕು ತಾಲ್ಲೂಕಿನ ಜನ ಬಂದು ಮುಟ್ಟಿ ಕಣ್ಗೊತ್ತಿಕೊಳ್ಳೋ ಕಾಲು ಕಣವ್ವ ಇದು. ಒರಡು ನಡಿ!"

ರಮ್ಯ ತನ್ನ ಪೆಟ್ಟಿಗೆ ಎತ್ತಿಕೊಂಡಳು. ಗೇಟಿನ ಹತ್ತಿರ ಹುಲ್ಲು ಹೊತ್ತು ನಿಂತಿದ್ದ ತಿಮ್ಮರಾಜುವನ್ನು ನೋಡಿ, ಯಾರಿಗಾದರೂ ಹೇಳಿಬಿಡಬೇಕು ಅನ್ನುವ ಹಾಗೆ ಹೇಳಿದಳು. "ಆ ಪಾದಕ್ಕೆ ಸ್ಪರ್ಶವೇ ಇಲ್ಲ ಕಣಪ್ಪ. ಬೆಂಕಿ ಇಟ್ಟರೂ ಅವರಿಗೆ ಗೊತ್ತಾಗಲ್ಲ. ಮನೇಲಿ ಯಾರಾದ್ರೂ ತಿಳಿದೋರು ಇದ್ರೆ ಹೇಳು."

ಅಷ್ಟರಲ್ಲಿ ಒಳಗಿಂದ ಕೂಗು ಬಂತು. "ಲೇ ತಿಮ್ಮರಾಜು! ಎತ್ತಿನ ಕಾಲು ಕಟ್ಟೋನು ನನ್ನ ಕಾಲು ಕಟ್ಟಲಾರೆಯೇನ್ಲಾ? ಬಾ ಇಲ್ಲಿ."

ತಿಮ್ಮರಾಜು ಕೈ ತೊಳೆದು ಒಳಗೆ ಹೋದ. ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡಿದ. ನರ್ಸಮ್ಮ ಹೇಳಿದ್ದು ನಿಜ ಅಂತ ಅವನಿಗೆ ನೋಡಿದ ಕೂಡಲೇ ಗೊತ್ತಾಯಿತು. ಇಂಥದ್ದನ್ನು ಎತ್ತಿನ ಗೊರಸಿನಲ್ಲಿ ಕಂಡಿದ್ದರೆ ಡಾಕ್ಟರನ್ನು ಕೂಗುತ್ತಿದ್ದ. ತಲೆ ಎತ್ತಿ ಹೇಳಬೇಕೆಂದು ಬಾಯಿ ತೆರೆದ. ಕರಿಯಪ್ಪನವರು ಅವನನ್ನೇ ನೋಡುತ್ತಿದ್ದರು. ಕಾಲು ಕಟ್ಟಿ ಕೆಡವಿದ ಎತ್ತು ಹೇಗೆ ನೋಡುತ್ತದೋ ಹಾಗೆ.

"ಎಂಗದೆ?" ಎಂದರು ಮೆಲ್ಲಗೆ.

ತಿಮ್ಮರಾಜುವಿನ ಬಾಯಿಂದ ಎತ್ತುಗಳಿಗೆ ಹೇಳುವ ಮಾತೇ ಬಂದುಬಿಟ್ಟಿತು. "ವಾಸಿ ಆಯ್ತದೆ ಬುಡಿ ಗೌಡ್ರೆ. ಆಗ್ಲೇ ಒಸಿ ಕಮ್ಮಿ ಆಗದೆ."

ಕರಿಯಪ್ಪನವರು ದಿಂಬಿಗೆ ಒರಗಿ ಕಣ್ಣು ಮುಚ್ಚಿದರು.

ಅಲ್ಲಿಂದ ದಿನಾ ಬೆಳಿಗ್ಗೆ ಕಾಲು ಕಟ್ಟುವ ಹೊತ್ತು ಅನ್ನುವುದೊಂದು ಶುರುವಾಯಿತು. ದಿನಾ ಅದೇ ಪ್ರಶ್ನೆ, ಅದೇ ಉತ್ತರ. ಆ ಉತ್ತರ ಕೇಳಿದ ಮೇಲೆ ಕರಿಯಪ್ಪನವರ ಮನಸ್ಸು ಬಿಸಿ ಮುದ್ದೆಯ ಮೇಲಿನ ಬೆಣ್ಣೆ. ಆಗ ಯಾರು ಏನು ಕೇಳಿದರೂ ಹೂಂ. ಜಗಲಿಯ ಮೇಲೆ ಮೂರು ದಿನ ಕಾದರೂ ಆಗದ ಕೆಲಸ, ಆ ಹೊತ್ತಿನಲ್ಲಿ ಒಳಗೆ ಬಿಟ್ಟರೆ ಬಟ್ಟೆ ಸುತ್ತಿ ಗಂಟು ಹಾಕುವಷ್ಟರಲ್ಲಿ ಆಗುತ್ತಿತ್ತು. ಒಳಗೆ ಯಾರನ್ನು ಬಿಡಬೇಕು ಅನ್ನುವುದು ತಿಮ್ಮರಾಜುವಿನ ಕೈಯಲ್ಲಿತ್ತು. "ಗಾಯಕ್ಕೆ ಗಾಳಿ ಆಗಕ್ಕಿಲ್ಲ, ಒಬ್ರೇ ಬನ್ನಿ," ಎಂದು ಬಾಗಿಲಲ್ಲಿ ನಿಂತು ಹೇಳುವುದನ್ನು ಕಲಿತುಬಿಟ್ಟ.

ಶ್ರೀರಂಗಪಟ್ಟಣದ ಕಂಟ್ರಾಕ್ಟರೊಬ್ಬ ಅವನಿಗೆ ಕೈಗಡಿಯಾರ ತಂದ. ಕೆ.ಆರ್.ಎಸ್. ಕಡೆಯ ಹೋಟೆಲಿನವನು ಕಾವೇರಿ ಮೀನು ಹುರಿದು ಡಬ್ಬಿಯಲ್ಲಿ ಕಳಿಸಿದ. ನಾಗಮಂಗಲದ ಬೆಟ್ಟಮ್ಮ ಅನ್ನುವ ಮುದುಕಿ ನಿಂತುಹೋದ ಪಿಂಚಣಿಗೆ ಅಲೆದಲೆದು ಬಂದಿದ್ದಳು, ಅವಳನ್ನು ತಿಮ್ಮರಾಜು ಎಲ್ಲರಿಗಿಂತ ಮುಂಚೆ ಒಳಗೆ ಬಿಟ್ಟ. ಅವಳು ಕರಿಯಪ್ಪನವರ ಕಾಲಿಗೆ ಬೀಳುವ ಬದಲು ಇವನ ಕಾಲಿಗೇ ಬಿದ್ದಳು. ಅಂದು ಅವನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿಯೊಂದು ಹಾರಿ ಜಗಲಿಯ ಕಂಬಕ್ಕೆ ಬಡಿಯಿತು ಅನ್ನುತ್ತಾರೆ.

ಮನೆಯೊಡತಿ ಪುಟ್ಟತಾಯಮ್ಮ ಅವನನ್ನು ಒಳಮನೆಗೆ ಕರೆದು ತಾನೇ ಮುದ್ದೆ ಬಡಿಸತೊಡಗಿದಳು. "ಮಕ್ಕಳಿಲ್ಲದ ಮನೆ ಕಣ್ಮಗ, ನಾಚ್ಕಬ್ಯಾಡ, ಉಣ್ಣು," ಎನ್ನುತ್ತಿದ್ದಳು. ಕಾರಿನಲ್ಲಿ ಮುಂದಿನ ಸೀಟು ಅವನಿಗೆ ಬಂತು. ಮೊದಲು ಆ ಸೀಟಿನಲ್ಲಿ ಕೂರುತ್ತಿದ್ದವನು ಸಂತೋಷ್, ಕರಿಯಪ್ಪನವರ ಅಕ್ಕನ ಮಗ. ಮಾವನ ನಂತರ ಜಗಲಿ ತನ್ನದೇ ಎಂದುಕೊಂಡಿದ್ದವನು. ಅವನು ಹಿಂದಿನ ಸೀಟಿನಿಂದ ತಿಮ್ಮರಾಜುವಿನ ಕತ್ತು ನೋಡುತ್ತ ಕೂರುತ್ತಿದ್ದ.

"ಬೆಲ್ಟು ಆಕ್ಕಳಲಾ ಎತ್ತಿನ ಡಾಕ್ಟ್ರೆ," ಎನ್ನುತ್ತಿದ್ದ. "ಬ್ರೇಕು ಒಡದ್ರೆ ಮುಂದ್ಗಡೆ ಕೂತೋನೆ ಮೊದ್ಲು ಓಗದು."

ತಿಮ್ಮರಾಜು ಊರಿಗೆ ಹೋದಾಗ ತಾಯಿ ಮಂಚಮ್ಮನಿಗೆ ಸೀಮೆಹಸು ಕೊಡಿಸಿದ. ಕೊಟ್ಟಿಗೆಗೆ ಸಿಮೆಂಟು ಹಾಕಿಸಿದ. ಹಸು ಕೊಡ ತುಂಬ ಹಾಲು ಕೊಡುತ್ತಿತ್ತು. ಮಂಚಮ್ಮ ಎರಡು ಹೊತ್ತೂ ಡೈರಿಗೆ ಹಾಕುತ್ತಿದ್ದಳು. ಒಂದು ಸಂಜೆ ಹಾಕಿ ಬಂದು, ಕ್ಯಾನು ಕವುಚಿಟ್ಟು, ಮಗನ ಹತ್ತಿರ ಕೂತಳು.

"ಅಲ್ಲ ಕಣ್ಲಾ, ಅವ್ರ ಕಾಲು ವಾಸಿ ಆಗೋದ್ರೆ ನಿನ್ನ ಗತಿ ಏನು?"

"ವಾಸಿ ಆಗಕ್ಕಿಲ್ಲವ್ವ."

ಮಂಚಮ್ಮ ಮಗನ ಮುಖ ನೋಡಿದಳು. "ಅಂಗಾದ್ರೆ ಇನ್ನೂ ಕಷ್ಟ ಆಯ್ತಲ್ಲಪ್ಪ."

ಆ ಮಾತು ಅವನಿಗೆ ಬಸ್ಸಿನಲ್ಲಿ ಪಾಂಡವಪುರ ಬರುವವರೆಗೂ ಕಿವಿಯಲ್ಲಿತ್ತು. ಅದಾದ ಸ್ವಲ್ಪ ದಿನಕ್ಕೆ ಕಾಲಿನ ಬಟ್ಟೆ ಬಿಚ್ಚಿದಾಗ ಅಂಗಾಲಿಗೆ ಒಂದು ತಗಡಿನ ಚೂರು ಪೂರ್ತಿ ನೆಟ್ಟುಕೊಂಡಿರುವುದು ಕಂಡಿತು. ಕರಿಯಪ್ಪನವರು ಹಿಂದಿನ ದಿನವೆಲ್ಲ ಅದರ ಮೇಲೇ ನಡೆದಾಡಿದ್ದರು, ಮದುವೆ ಮನೆಯೊಂದರಲ್ಲಿ ಪಂಕ್ತಿ ಮಧ್ಯೆ ಓಡಾಡಿ ಎಲ್ಲರಿಗೂ ತುಪ್ಪ ಬಡಿಸಿದ್ದರು. ತಿಮ್ಮರಾಜು ಚೂರನ್ನು ಕಿತ್ತು ಅಂಗೈಯಲ್ಲಿ ಮುಚ್ಚಿಕೊಂಡ.

"ಎಂಗದೆ ಇವತ್ತು?"

"ಕಮ್ಮಿ ಆಗದೆ ಗೌಡ್ರೆ," ಎಂದ.

ಯಾವತ್ತೋ ಆಗಬೇಕಿದ್ದ ತಾಲ್ಲೂಕು ಪಂಚಾಯ್ತಿ ಚುನಾವಣೆ ಮುಂದಕ್ಕೆ ಮುಂದಕ್ಕೆ ಹೋಗಿ ಕೊನೆಗೂ ಬರುತ್ತದೆಂದು ಸುದ್ದಿಯಾಯಿತು. ಜಗಲಿಯಲ್ಲಿ ಕಾಲಿಡಲು ಜಾಗವಿಲ್ಲ. ಒಂದು ಬೆಳಿಗ್ಗೆ ಕಾಲು ಕಟ್ಟುವ ಹೊತ್ತಿನಲ್ಲಿ ಕರಿಯಪ್ಪನವರು ತಾವಾಗೇ ಹೇಳಿದರು. "ನಿಮ್ಮ ಕಡೆ ಸೀಟು ನಿಂದೇ ಕಣ್ಲಾ. ತೊಣ್ಣೂರಲ್ಲಿ ಎಸ್ರು ಏಳ್ತೀನಿ. ಯಾರಿಗೂ ಬಾಯ್ಬುಡಬ್ಯಾಡ."

ತಿಮ್ಮರಾಜುವಿಗೆ ಗಂಟು ಹಾಕಲು ಕೈ ಬರಲಿಲ್ಲ. ಎತ್ತಿನ ಬಾಲ ತೊಳೆಯುತ್ತಿದ್ದವನು ಕೆ.ಆರ್.ಪೇಟೆಯ ಕಚೇರಿಯಲ್ಲಿ ಕುರ್ಚಿ ಮೇಲೆ ಕೂರುವುದು! ಸಂತೆಬಾಚಹಳ್ಳಿ ಸಂತೆಯಲ್ಲಿ ತನ್ನ ಮುಖದ ಬ್ಯಾನರು! ಅವನಿಗೆ ಆ ದಿನ ನೆಲ ಕಾಣಲಿಲ್ಲ.

ಕರಿಯಪ್ಪನವರ ಮನೆತನದಲ್ಲಿ ಒಂದು ವಾಡಿಕೆ ಇತ್ತು. ಹುರಿಯಾಳುಗಳ ಹೆಸರು ಹೇಳುವ ಮುಂಚೆ ತೊಣ್ಣೂರಿನ ದೇವಸ್ಥಾನವನ್ನು ಯಜಮಾನ ಬರಿಗಾಲಲ್ಲಿ ಮೂರು ಸುತ್ತು ಬರಬೇಕು. ಅವರಪ್ಪನೂ ಬಂದಿದ್ದ, ಅವರ ತಾತನೂ ಬಂದಿದ್ದ. ಸುತ್ತು ಬರದೆ ಹೇಳಿದ ಹೆಸರಿಗೆ ಬೆಲೆಯಿಲ್ಲ. ಇದನ್ನು ಬೆಳಗಿನ ತಂಪಿನಲ್ಲಿ ಮುಗಿಸುವುದು ರೂಢಿ. ಆ ದಿನ ನಾಗಮಂಗಲದವರ ವ್ಯಾನು ದಾರಿಯಲ್ಲಿ ಪಂಕ್ಚರಾಗಿ, ಅವರು ಬಂದು ಸೇರುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿದ್ದ. ವೈಶಾಖದ ಬಿಸಿಲು. ದೇವಸ್ಥಾನದ ಸುತ್ತಿನ ಕಲ್ಲುಹಾಸು ಎಷ್ಟು ಕಾದಿತ್ತೆಂದರೆ ಕಾಗೆಯೊಂದು ಇಳಿದು ಒಂದು ಕಾಲೂರಿ, ಇನ್ನೊಂದು ಕಾಲೂರದೆ ಹಾರಿಹೋಯಿತು.

ಅರ್ಚಕರು ತೆಂಗಿನ ನಾರಿನ ಚಾಪೆ ಹಾಸಿದ್ದರು. ಜನ ಅದರ ಮೇಲೇ ಒತ್ತಿಕೊಂಡು ನಿಂತಿದ್ದರು.

"ಚಾಪೆ ಎಂಗಸ್ರಿಗೆ ಬುಡ್ರಲಾ," ಎಂದು ಕರಿಯಪ್ಪನವರು ಚಪ್ಪಲಿ ಬಿಟ್ಟರು. ಕಾಲಿಗೆ ಕಟ್ಟಿದ್ದ ಬಟ್ಟೆಯನ್ನೂ ಬಿಚ್ಚಿ ತಿಮ್ಮರಾಜುವಿನ ಕೈಗೆ ಕೊಟ್ಟರು. "ದೇವರ ಮುಂದೆ ಕಾಲು ಮುಚ್ಕಂಡು ಓಗಾದಾ?" ಎಂದು ಕಲ್ಲಿನ ಮೇಲೆ ಕಾಲಿಟ್ಟರು.

ತಿಮ್ಮರಾಜು ಆ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. ಬಾವಿಯ ಹತ್ತಿರ ಇದ್ದ ಬಿಂದಿಗೆ ಎತ್ತಿಕೊಂಡು ಓಡಿದ, ಅವರ ಮುಂದೆ ಕಲ್ಲಿಗೆ ನೀರು ಚೆಲ್ಲಲು.

ಸಂತೋಷ್ ಅಡ್ಡ ನಿಂತ. ಎಲ್ಲರಿಗೂ ಕೇಳುವ ಹಾಗೆ ಕೇಳಿದ. "ನೀರು ಯಾಕ್ಲಾ ಎತ್ತಿನ ಡಾಕ್ಟ್ರೆ? ನಮ್ಮ ಮಾವಂಗೆ ಕಾಲು ಸುಡ್ತದಾ? ಏನಾದ್ರೂ ಆಗದಾ ಕಾಲಿಗೆ? ಆಗಿದ್ರೆ ಏಳು, ಎಲ್ರೂ ಕೇಳ್ಲಿ."

ಜನ ತಿರುಗಿ ನೋಡಿದರು. ಕರಿಯಪ್ಪನವರೂ ನಿಂತು ನೋಡಿದರು. ಅವರ ಮುಖದಲ್ಲಿ ನಗು ಇರಲಿಲ್ಲ.

ಈಗ ಹೇಳಿದರೆ ಗೌಡರು ಕಲ್ಲಿನಿಂದ ಇಳಿಯುತ್ತಾರೆ. ನಾಲ್ಕು ತಾಲ್ಲೂಕಿನ ಮುಂದೆ ಗೌಡರ ಕಾಲು ಸತ್ತಿದೆ ಅಂತಾಗುತ್ತದೆ. ಇಷ್ಟು ದಿನ ವಾಸಿ ವಾಸಿ ಅಂದವನು ಯಾರು ಅಂತಲೂ ಆಗುತ್ತದೆ. ಸುತ್ತು ನಿಂತರೆ ಹೆಸರೂ ನಿಂತಿತು. ಇಷ್ಟೂ ಅವನ ತಲೆಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಓಡಿತು.

"ಕಾಲಿಗೇನಾಗದೆ, ಏನಿಲ್ಲ," ಎಂದ ತಿಮ್ಮರಾಜು. "ಧೂಳು ಎದ್ದಾತು ಅಂತ ತಂದೆ." ಬಿಂದಿಗೆ ಕೆಳಗಿಟ್ಟ.

ಕರಿಯಪ್ಪನವರು ನಡೆದರು. ಅವರ ಹಿಂದೆ ಹೊರಟ ಗಂಡಸರು ಹತ್ತು ಹೆಜ್ಜೆಗೆ ಕುಪ್ಪಳಿಸತೊಡಗಿದರು, ಒಬ್ಬೊಬ್ಬರಾಗಿ ಹಾರಿ ಚಾಪೆಗೆ ಬಿದ್ದರು. ಕರಿಯಪ್ಪನವರು ಮಾತ್ರ ಕೆರೆ ಏರಿಯ ಮೇಲೆ ಗಾಳಿಗೆ ಹೊರಟವರ ಹಾಗೆ ನಿಧಾನವಾಗಿ, ಕೈ ಹಿಂದೆ ಕಟ್ಟಿ, ಒಂದು ಸುತ್ತು ಬಂದರು.

"ನೋಡ್ರಪ್ಪ, ತಪಸ್ಸು ಅಂದ್ರೆ ಇದು!" ಯಾರೋ ಕೂಗಿದರು.

"ಇಂಥೋರು ಇನ್ನ ಉಟ್ಟಕ್ಕಿಲ್ಲ ಕಣ್ರಲಾ!"

ಎರಡನೆಯ ಸುತ್ತಿಗೆ ಶಿಳ್ಳೆ ಬಿತ್ತು. ಮೂರನೆಯದಕ್ಕೆ ಹೆಂಗಸರು ಕೈ ಮುಗಿದರು. ತಿಮ್ಮರಾಜು ಬಾಯಿ ಬಿಟ್ಟು ಎಲ್ಲರಿಗಿಂತ ಜೋರಾಗಿ ಜೈಕಾರ ಹಾಕಿದ. ಹಾಕುತ್ತಾ ಅವನ ಕಣ್ಣು ಕಲ್ಲಿನ ಮೇಲಿತ್ತು. ಕಲ್ಲಿನ ಮೇಲೆ ಬಲಗಾಲು ಬಿದ್ದಲ್ಲೆಲ್ಲ ಒಂದೊಂದು ಒದ್ದೆ ಗುರುತು ಉಳಿದು, ನೋಡುತ್ತಿದ್ದ ಹಾಗೇ ಆರಿಹೋಗುತ್ತಿತ್ತು.

ಆಮೇಲೆ ಮರದ ನೆರಳಲ್ಲಿ ನಿಂತು ಕರಿಯಪ್ಪನವರು ಹೆಸರು ಹೇಳಿದರು. ತಿಮ್ಮರಾಜುವಿನ ಹೆಸರು ಬಂದಾಗ ಅವರೇ ಹಾರ ಹಾಕಿದರು. ಜನ ಅವನನ್ನು ಎತ್ತಿಕೊಂಡರು. ಮೇಲಿನಿಂದ ಅವನಿಗೆ ತೊಣ್ಣೂರು ಕೆರೆ ಒಂದು ತಟ್ಟೆಯ ಹಾಗೆ ಹೊಳೆಯುವುದು ಕಂಡಿತು.

ಮಧ್ಯಾಹ್ನ ಮನೆಗೆ ಬಂದು ಕಾಲು ತೊಡೆಯ ಮೇಲೆ ಇಟ್ಟುಕೊಂಡ. ಅಂಗಾಲಿನ ಚರ್ಮ ಒಂದೇ ಹಾಳೆಯಾಗಿ, ಬಾಳೆಹಣ್ಣಿನ ಸಿಪ್ಪೆ ಬಂದ ಹಾಗೆ ಅವನ ಕೈಗೆ ಬಂತು.

"ಎಂಗದೆ ಇವತ್ತು?" ಕರಿಯಪ್ಪನವರು ಕಣ್ಣು ಮುಚ್ಚಿಕೊಂಡೇ ಕೇಳಿದರು. ಜೈಕಾರ ಇನ್ನೂ ಅವರ ಕಿವಿಯಲ್ಲಿತ್ತು.

ಅವನ ಕೊರಳಲ್ಲಿ ಹಾರ ಇನ್ನೂ ಹಾಗೇ ಇತ್ತು. "ಒಸಿ ಕೆಂಪಗಾಗದೆ ಗೌಡ್ರೆ. ಅಷ್ಟೇಯ."

ಮುಂದಿನ ದಿನಗಳಲ್ಲಿ ಅವನು ತನಗೆ ಗೊತ್ತಿದ್ದದ್ದನ್ನೆಲ್ಲ ಹಚ್ಚಿದ. ಬೇವಿನೆಣ್ಣೆ, ಅರಿಶಿನ, ಎತ್ತಿಗೆ ಹಚ್ಚುವ ಮುಲಾಮು. ಬಟ್ಟೆ ದಪ್ಪವಾಗುತ್ತ ಹೋಯಿತು. ವಾಸನೆ ಶುರುವಾಯಿತು. ಪುಟ್ಟತಾಯಮ್ಮ ಸಾಂಬ್ರಾಣಿ ಹಾಕಿದಳು. ಸಾಂಬ್ರಾಣಿಯನ್ನೂ ಮೀರಿ ವಾಸನೆ ಜಗಲಿಗೆ ಬಂದಾಗ ಅವಳು ಅಡುಗೆಮನೆಯಲ್ಲಿ ಅವನ ತೋಳು ಹಿಡಿದಳು.

"ಮಗ, ನಿನ್ನ ಎತ್ತವ್ವನ ಆಣೆ. ನಿಜ ಏಳ್ಬುಡು. ಏನಾಗದೆ?"

"ಗಾಯ ಮಾಯೋಗ ಇಂಗೇ ಕಣವ್ವ ವಾಸ್ನೆ ಬರದು. ಎದ್ರಕಬ್ಯಾಡಿ," ಎಂದ. ಅವಳು ಬಡಿಸಿದ ಮುದ್ದೆಯನ್ನು ಅರ್ಧಕ್ಕೆ ಬಿಟ್ಟು ಎದ್ದ.

ಆ ವಾರವೇ ಕರಿಯಪ್ಪನವರು ಜ್ವರ ಬಂದು ಜಗಲಿಯ ಮೇಲೆ, ಎಲ್ಲರ ಮುಂದೆ, ಮಾತಿನ ಮಧ್ಯೆ ಕುಸಿದರು. ಮೈಸೂರಿಗೆ ಸಾಗಿಸಿದರು. ಅಲ್ಲಿನ ಡಾಕ್ಟರು ಬಟ್ಟೆ ಬಿಚ್ಚಿಸಿ ಒಮ್ಮೆ ನೋಡಿ, ಮಂಡಿಯ ಕೆಳಗೆ ಗೆರೆ ಎಳೆದರು.

ಕಾಲು ಹೋಯಿತು. ಮನೆಗೆ ಕರೆತಂದ ಮೇಲೆ ಕರಿಯಪ್ಪನವರು ಯಾರನ್ನೂ ನೋಡಲು ಒಪ್ಪಲಿಲ್ಲ, ತಿಮ್ಮರಾಜುವನ್ನು ಮಾತ್ರ ಕರೆಸಿದರು. ಅವನು ಓಡಿ ಬಂದ. ಕರೆದರಲ್ಲ, ಇನ್ನೂ ಕರೆದರಲ್ಲ ಅನ್ನುವ ಆಸೆಯಲ್ಲಿ ಬಂದ. ಕೋಣೆಯಲ್ಲಿ ಸಂತೋಷ್ ನಿಂತಿದ್ದ. ಕರಿಯಪ್ಪನವರ ಮುಖ ಸುಟ್ಟ ಬದನೆಕಾಯಿಯ ಹಾಗೆ ಒಳಕ್ಕೆ ಕುಸಿದಿತ್ತು.

"ಬೆರಳು ಉರೀತವೆ ಕಣ್ಲಾ," ಎಂದರು. "ಬಲಗಾಲಿನ ಬೆರಳು. ಬೆಂಕಿ ಮೇಲೆ ಮಡಗ್ದಂಗೆ ಉರೀತವೆ. ಇಷ್ಟು ವರ್ಷ ಇಲ್ದಿದ್ದು ಈಗ ಉರೀತವೆ. ನೋಡು ಒಸಿ. ಎಂಗದೆ ಏಳು."

ತಿಮ್ಮರಾಜು ಹೊದಿಕೆಯನ್ನು ನೋಡಿದ. ಎಡಗಾಲಿನ ಉಬ್ಬು ಇತ್ತು. ಬಲಗಡೆ ಹೊದಿಕೆ ಹಾಸಿಗೆಗೆ ಅಂಟಿ ಚಪ್ಪಟೆಯಾಗಿತ್ತು. ಅವನ ಬಾಯಿಗೆ ಅಭ್ಯಾಸದ ಮಾತು ಬಂತು, ಹೊರಗೆ ಬರಲಿಲ್ಲ. ಕಣ್ಣಲ್ಲಿ ನೀರು ಬಂದುಬಿಟ್ಟಿತು.

"ಕಾಲಿಲ್ಲ ಗೌಡ್ರೆ," ಎಂದ. "ಅಲ್ಲಿ ಏನೂ ಇಲ್ಲ. ಯಾವತ್ತೂ ಕಮ್ಮಿ ಆಗಿರ್ನಿಲ್ಲ. ನಾನು ಸುಳ್ಳು ಏಳ್ತಿದ್ದೆ."

ಒಂದೂವರೆ ವರ್ಷದಲ್ಲಿ ಅವನು ಆ ಕೋಣೆಯಲ್ಲಿ ಹೇಳಿದ ಒಂದೇ ನಿಜ ಅದು. ಕರಿಯಪ್ಪನವರು ಗೋಡೆಯ ಕಡೆ ಮುಖ ತಿರುಗಿಸಿ, ಸಂತೋಷನಿಗೆ ಹೇಳಿದರು. "ಇವ್ನ ಈಚೆಗಾಕು. ಇವ್ರ ಮನೆ ಹಾಲು ಒಂದು ತೊಟ್ಟೂ ಡೈರಿಗೆ ಬೀಳಕೂಡ್ದು."

ಕರಿಯಪ್ಪನವರ ಮಾತು ಮೋಟಾರುಬೈಕಿಗಿಂತ ಬೇಗ ಹೋಗುತ್ತಿತ್ತು. ತಿಮ್ಮರಾಜು ಬಸ್ಸು ಹಿಡಿದು ಊರು ಸೇರುವಷ್ಟರಲ್ಲಿ ಮಂಚಮ್ಮ ಸಂಜೆಯ ಹಾಲನ್ನು ಡೈರಿಯಿಂದ ವಾಪಸು ಹೊತ್ತು ತಂದಿದ್ದಳು. ಡೈರಿ ನೋಡಿಕೊಳ್ಳುವ ಅನು ಅನ್ನುವ ಹುಡುಗಿ ಮೇಲಿನಿಂದ ಫೋನು ಬಂತು ಅಂದಳಂತೆ. "ನಾನೇನು ಮಾಡ್ಲಿ ಮಂಚಮ್ಮತ್ತೆ, ಇಸ್ಕಂಡ್ರೆ ನನ್ನ ಕೆಲ್ಸ ಓಯ್ತದೆ," ಅಂತ ಅತ್ತಳಂತೆ. ಊರಿನಲ್ಲೂ ಯಾರೂ ಕೊಳ್ಳಲಿಲ್ಲ. ಬಿಟ್ಟಿ ಕೊಡುತ್ತೇವೆ ಅಂದರೂ ಲೋಟ ತರಲಿಲ್ಲ.

ಸೀಟು ಸಂತೋಷನ ಕಡೆಯವನೊಬ್ಬನಿಗೆ ಹೋಯಿತು. ಅದರ ಬಗ್ಗೆ ತಿಮ್ಮರಾಜು ಯೋಚಿಸಲೂ ಇಲ್ಲ. ಕೊಟ್ಟಿಗೆಯಲ್ಲಿ ಹಸು ಎರಡು ಹೊತ್ತೂ ಕೊಡ ತುಂಬಿಸುತ್ತಿತ್ತು, ಅದಕ್ಕೆ ಯಾವ ಕರಿಯಪ್ಪನವರೂ ಗೊತ್ತಿರಲಿಲ್ಲ. ತಾಯಿಗೆ ಬದುಕು ಅಂತ ಇದ್ದದ್ದು ಆ ಹಾಲೊಂದೇ.

ಸಂತೋಷ್ ಒಂದು ದಿನ ತಾನಾಗಿ ಕಾರು ತಂದು ತಿಮ್ಮರಾಜುವಿನ ಊರ ಮುಂದಿನ ಹುಣಸೆಮರದ ಕೆಳಗೆ ನಿಲ್ಲಿಸಿದ. "ಹತ್ಲಾ," ಎಂದ. ಹಿಂದಿನ ಸೀಟಿನ ಬಾಗಿಲು ತೆಗೆದ. "ನೋಡು, ಜನ ಒಂಥರಾ ಮಾತಾಡ್ತಾವ್ರೆ. ಮಾವ ಕಾಲು ಸುಡ್ತಿದ್ರೂ ತಿಳೀದೆ ನಡದ್ರು, ಅದು ತಪಸ್ಸೂ ಅಲ್ಲ ಗಿಪಸ್ಸೂ ಅಲ್ಲ ಅಂತಾವ್ರೆ. ಅದು ಮಾವಂಗೆ ಕಾಲು ಓಗಿದ್ಕಿಂತ ಜಾಸ್ತಿ ನೋವು. ನಾಗಮಂಗಲದಲ್ಲಿ ಸಭೆ ಅದೆ. ನೀನು ಮೈಕ್ ಇಡ್ಕಂಡು ಏಳ್ಬುಡು. ತಪಸ್ಸು ನಿಜ, ಕಾಲು ಕೆಡ್ಸಿದ್ದು ನನ್ನ ದನದ ಮುಲಾಮು ಅಂತ."

"ಏಳುದ್ರೆ?"

"ಮಾವನ ಮನಸ್ಸು ಕರಗ್ತದೆ. ನಿಮ್ಮವ್ವನ ಹಾಲಿನ ವಿಸ್ಯ ನಾನೇ ಎತ್ತೀನಿ. ಈಗ ಅವ್ರ ಕಾಲು ಕಟ್ಟೋನು ನಾನೇ ಅಲ್ವಾ?"

ನಾಗಮಂಗಲದ ಕಲ್ಯಾಣಮಂಟಪ ತುಂಬಿ ರಸ್ತೆಗೆ ಚೆಲ್ಲಿತ್ತು. ಕರಿಯಪ್ಪನವರು ಬಂದಿರಲಿಲ್ಲ, ಅವರ ದೊಡ್ಡ ಫೋಟೋ ಬಂದಿತ್ತು. ತಿಮ್ಮರಾಜು ಬಿಳಿ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ವೇದಿಕೆ ಹತ್ತಿದ. ಮೈಕು ಕೀರಲಾಗಿ ಕೂಗಿತು.

"ನಾನು ತಿಮ್ಮರಾಜು, ಮಂಚಮ್ಮನ ಮಗ," ಎಂದ. "ಗೌಡ್ರು ನಡದ್ರಲ್ಲ, ಅದು ನಿಜವಾದ ತಪಸ್ಸು. ನಾನು ಕಣ್ಣಾರೆ ಕಂಡೀನಿ. ಕಾಲು ಕೆಡ್ಸಿದ್ದು ನಾನು. ಎತ್ತಿಗೆ ಆಕೋದ್ನ ದೇವರಂಥ ಮನುಸರಿಗೆ ಆಕ್ದೆ. ಗೌಡ್ರು ನನ್ನನ್ನ ಮಗನಂಗೆ ನೋಡ್ಕಂಡ್ರು, ಅವ್ರದ್ದು ಒಂದ್ಕೂದಲಷ್ಟೂ ತಪ್ಪಿಲ್ಲ. ತಪ್ಪೆಲ್ಲ ನಂದೇ. ಗೌಡ್ರು ಚೆನ್ನಾಗಿರ್ಲಿ."

"ದನ ಕಾಯೋನ ಜಗಲಿಗೆ ಬುಟ್ರೆ ಇನ್ನೇನಾದದು!" ಎಂದು ಹಿಂದಿನಿಂದ ಒಬ್ಬ ಕೂಗಿದ. ಒಂದು ಚಪ್ಪಲಿ ಹಾರಿ ಬಂದು ಅವನ ಭುಜಕ್ಕೆ ತಾಗಿತು. ಮುಂದಿನ ಸಾಲಿನಲ್ಲಿ ಬೆಟ್ಟಮ್ಮ ಕೂತಿದ್ದಳು, ಪಿಂಚಣಿಯ ಬೆಟ್ಟಮ್ಮ. ಅವನು ಅವಳ ಕಡೆ ನೋಡಿದ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡಿದಳು. ಅವನು ಇಳಿಯುವಾಗ ಫೋಟೋಗೆ ಕೈ ಮುಗಿದ. ಮನಸ್ಸಿನಿಂದಲೇ ಮುಗಿದ. ಆ ಹೊತ್ತಿನಲ್ಲಿ ತಾನು ಹೇಳಿದ್ದೆಲ್ಲ ಅವನಿಗೆ ನಿಜವೇ ಅನ್ನಿಸಿತ್ತು.

ಕರಿಯಪ್ಪನವರ ಎದೆಬಡಿತ ನಿಂತ ಸುದ್ದಿ ಅದರ ಮರುದಿನ ಬೆಳಿಗ್ಗೆ ಬಂತು.

ತಿಮ್ಮರಾಜು ಮಣ್ಣಿಗೆ ಹೋದ. ಮನೆಯ ಗೇಟಿನಿಂದ ಒಳಗೆ ಬಿಡಲಿಲ್ಲ, ರಸ್ತೆಯಲ್ಲೇ ನಿಂತು ನೋಡಿದ. ತಿಥಿ ಕಳೆದ ಮೇಲೆ ಮತ್ತೆ ಹೋದ. ಈ ಸಲ ಜಗಲಿಯ ಕೆಳಗೆ ಎಲ್ಲರ ಜೊತೆ ಸರತಿಯಲ್ಲಿ ನಿಂತ. ಕರಿಯಪ್ಪನವರ ಜಾಗದಲ್ಲಿ ಸಂತೋಷ್ ಕೂತಿದ್ದ, ಹೊಸ ಶಲ್ಯ ಹೊದ್ದು.

"ಹಾಲಿನ ವಿಸ್ಯ ಅಣ್ಣ," ಎಂದ ತಿಮ್ಮರಾಜು. ಸಂತೋಷನಿಗೆ ಅಣ್ಣ ಅಂದದ್ದು ಅದೇ ಮೊದಲು. "ಗೌಡ್ರ ಅತ್ರ ಏಳಿದ್ರಾ?"

"ಏಳಕ್ಕೆ ಒತ್ತೆಲ್ಲಿತ್ಲಾ? ನೀನು ಮೈಕ್ ಇಡ್ದೆ, ಅವ್ರು ಕಣ್ಮುಚ್ಚಿದ್ರು." ಸಂತೋಷನ ದನಿಯಲ್ಲಿ ಕೋಪವಿರಲಿಲ್ಲ, ಅಯ್ಯೋ ಪಾಪ ಅನ್ನುವಂಥದ್ದೂ ಸ್ವಲ್ಪ ಇತ್ತು.

"ಈಗ ನೀವೇ ಒಂದು ಫೋನ್ ಮಾಡುದ್ರೆ..."

"ಅದು ಮಾವ ಬಾಯಾರೆ ಏಳಿದ ಕಡೇ ಮಾತುಗಳಲ್ಲಿ ಒಂದು ಕಣ್ಲಾ." ಸಂತೋಷ್ ಸುತ್ತ ಕೂತವರನ್ನು ನೋಡಿದ. ಎಲ್ಲರೂ ತಲೆ ಅಲ್ಲಾಡಿಸಿದರು. "ಬದುಕಿದ್ದಿದ್ರೆ ಕಾಲಿಡ್ದು ಕೇಳ್ಬೋದಿತ್ತು. ಸತ್ತೋರ ಮಾತ ತೆಗೆದಾಕಕ್ಕೆ ನಾನ್ಯಾರು? ಅದನ್ನ ಮೀರಿ ಈ ಜಾಗದಲ್ಲಿ ಕೂತ್ರೆ ಇವ್ರೆಲ್ಲ ನನಗೇನಂದಾರು? ಓಗು, ಬೇರೆ ಏನಾರ ಇದ್ರೆ ಬಾ."

ತಿಮ್ಮರಾಜು ಹಿತ್ತಲ ಕಡೆಯಿಂದ ಅಡುಗೆಮನೆಗೆ ಬಂದು ಪುಟ್ಟತಾಯಮ್ಮನನ್ನು ಕೂಗಿದ. ಅವಳು ಬಾಗಿಲಿಗೆ ಬಂದಳು, ಹಣೆ ಬೋಳಾಗಿತ್ತು.

"ಅವ್ವಾ, ನೀವಾದ್ರೂ ಒಂದ್ಮಾತು..."

"ನಿನ್ನ ಎತ್ತವ್ವನ ಆಣೆ ಆಕಿ ಕೇಳಿದ್ದೆ ಕಣಪ್ಪ," ಎಂದಳು ಪುಟ್ಟತಾಯಮ್ಮ. "ಆವತ್ತು ಏಳಿದ್ರೆ ಕಾಲು ಉಳೀತಿತ್ತೋ, ಪ್ರಾಣ ಉಳೀತಿತ್ತೋ." ಬೈಯಲಿಲ್ಲ, ಅಳಲಿಲ್ಲ. ಬಾಗಿಲು ಹಾಕಿಕೊಂಡಳು.

ಮಂಚಮ್ಮ ಹಸುವನ್ನು ಸಂತೆಗೆ ಹೊಡೆದುಕೊಂಡು ಹೋದಳು. ತಿಮ್ಮರಾಜು ಹಗ್ಗ ಹಿಡಿದಿದ್ದ. ಕೊಳ್ಳುವವರು ಬಂದರು, ಕೆಚ್ಚಲು ಮುಟ್ಟಿದರು, ಹಲ್ಲು ನೋಡಿದರು.

"ಎಷ್ಟು ಕೊಟ್ಟದವ್ವ ಹಾಲು?"

"ಬೇಕಾದಷ್ಟು ಕೊಡ್ತದೆ," ಎಂದಳು ಮಂಚಮ್ಮ. "ಇಸ್ಕಳೋರು ಇಲ್ಲ, ಅಷ್ಟೇಯ."

ಅಷ್ಟರಲ್ಲಿ ಯಾರೋ ಅವರ ಕಿವಿಯಲ್ಲಿ ಇದು ಯಾರ ಮನೆಯ ಹಸು ಅಂತ ಹೇಳುತ್ತಿದ್ದರು. ಅವರು ಕೈಯನ್ನು ಪಂಚೆಗೆ ಒರೆಸಿಕೊಂಡು ಮುಂದೆ ಹೋಗುತ್ತಿದ್ದರು. ಬಿಸಿಲು ಇಳಿಯಿತು, ಸಂತೆ ಕರಗಿತು, ತಾಯಿ ಮಗ ಹಸುವಿನ ಜೊತೆ ವಾಪಸು ನಡೆದರು. ದಾರಿಯುದ್ದಕ್ಕೂ ಹಸು ಅರಚುತ್ತಿತ್ತು. ಕೆಚ್ಚಲು ಬಿಗಿದು ಕಲ್ಲಾಗಿತ್ತು.

"ಕರೆದ್ಬುಡ್ಲಾ," ಎಂದಳು ಮಂಚಮ್ಮ. "ನೋವಾಯ್ತದೆ ಅದ್ಕೆ."

"ಕ್ಯಾನು ತಂದಿಲ್ಲವ್ವ."

"ಕ್ಯಾನು ಯಾಕೆ?"

ತಿಮ್ಮರಾಜು ರಸ್ತೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಹಸುವಿನ ತೊಡೆಗೆ ಹಣೆ ಒತ್ತಿ, ಕರೆಯತೊಡಗಿದ. ಅವನ ಕೈ ಬಿದ್ದ ಕೂಡಲೇ ಹಸು ಅರಚುವುದನ್ನು ನಿಲ್ಲಿಸಿ ಕಣ್ಣು ಮುಚ್ಚಿತು. ಹಾಲು ಮಣ್ಣಿಗೆ ಬೀಳುತ್ತಿತ್ತು. ಮೊದಮೊದಲು ಮಣ್ಣು ಕುಡಿಯಿತು, ಆಮೇಲೆ ಅದೂ ಕುಡಿಯದೆ ಹಾಲು ಬಿಳಿಯ ಗೆರೆಯಾಗಿ ಚರಂಡಿಯ ಕಡೆ ಹರಿಯಿತು. ಮಂಚಮ್ಮ ಹಗ್ಗ ಹಿಡಿದು, ಹೋಗುವ ಬರುವ ಬಸ್ಸುಗಳ ಕಡೆ ಬೆನ್ನು ಮಾಡಿ ನಿಂತಿದ್ದಳು.